ಆಂಪ್ ಫ್ಯಾನಿನ ಗೊರಗೊರ, ಮತ್ತೆ ಎರಡು ಕ್ಯಾಬಿನೆಟ್ಟಿನ ಲೆಕ್ಕ

ರಾತ್ರಿ ಸಣ್ಣ ವಾಲ್ಯೂಮಿನಲ್ಲಿ ಗಿಟಾರ್ ನುಡಿಸುವವರಿಗೆ ಆಂಪಿನ ಫ್ಯಾನ್ ಎಷ್ಟು ಕಿರಿಕಿರಿ ಅಂತ ಹೇಳಬೇಕಾಗಿಲ್ಲ. ನನ್ನ ಟ್ಯೂಬ್ ಆಂಪಿನಲ್ಲಿ (ಬಿಸಿಯಾಗುವ ಗಾಜಿನ ವಾಲ್ವುಗಳಿಂದ ನಡೆಯುವ ಆಂಪ್ಲಿಫೈಯರ್) ಇರುವುದು 12 ವೋಲ್ಟಿನ ಡಿಸಿ ಫ್ಯಾನ್. ಸುಮ್ನೆ ಕಿತ್ತು ಹಾಕು ಅಂದ ಗೆಳೆಯ. ಟ್ಯೂಬುಗಳ ಬಿಸಿ ಹೊರಗೆ ಹೋಗಬೇಕಲ್ವಾ? ಧೂಳು ತೆಗೆದೆ, ಸ್ಕ್ರೂ ಜಾಗಕ್ಕೆ ರಬ್ಬರ್ ಹಾಕಿದೆ, ಆಮೇಲೆ ಸೀರೀಸ್‌ನಲ್ಲಿ ಒಂದು ರೆಸಿಸ್ಟರ್ ಸೇರಿಸಿ ಫ್ಯಾನಿಗೆ 8 ವೋಲ್ಟ್ ಆಸುಪಾಸು ಸಿಗುವ ಹಾಗೆ ಮಾಡಿದೆ. ಗಾಳಿ ಸ್ವಲ್ಪ ಕಡಿಮೆ, ಸದ್ದು ತುಂಬಾನೇ ಕಡಿಮೆ. ಆ ವೋಲ್ಟೇಜಿನಲ್ಲಿ ಫ್ಯಾನ್ ಪ್ರತಿಸಲ ತಾನಾಗಿ ತಿರುಗಲು ಶುರುಮಾಡುತ್ತಾ ಅಂತ ನೋಡಿಕೊಳ್ಳಿ. ಇನ್ನೊಂದು, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 400 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು, ಅದನ್ನು ಡಿಸ್ಚಾರ್ಜ್ ಮಾಡಲು ಗೊತ್ತಿಲ್ಲದವರು ಆಂಪ್ ಬಿಚ್ಚಲೇಬೇಡಿ.

ಇನ್ನು ಕ್ಯಾಬಿನೆಟ್, ಅಂದರೆ ಸ್ಪೀಕರ್ ಇರುವ ಪೆಟ್ಟಿಗೆ. ಅದು ಕರೆಂಟಿಗೆ ಒಡ್ಡುವ ತಡೆಯ ಅಳತೆಯೇ ಓಮ್. 16 ಓಮ್‌ನ ಎರಡನ್ನು ಪ್ಯಾರಲಲ್ ಆಗಿ ಸೇರಿಸಿದರೆ 8 ಓಮ್, ಆಂಪಿನ ಓಮ್ ಸ್ವಿಚ್ಚೂ 8ರಲ್ಲೇ ಇರಬೇಕು. 8 ಮತ್ತು 16 ಬೆರೆಸಿದರೆ ಸುಮಾರು 5.3 ಆಗುತ್ತದೆ, 8ರದ್ದಕ್ಕೆ ಎರಡು ಪಟ್ಟು ಪವರ್ ಹೋಗುತ್ತದೆ. ಓಮ್ ಒಂದೇ ಆದರೂ ಸದ್ದು ಒಂದೇ ಅಲ್ಲ: 1 ವಾಟಿಗೆ 97 ಡೆಸಿಬಲ್ ಕೊಡುವ ಸ್ಪೀಕರ್, 100 ಕೊಡುವುದರ ಸಮಕ್ಕೆ ಬರಲು ಎರಡು ಪಟ್ಟು ಪವರ್ ಬೇಡುತ್ತದೆ. ಅಂದರೆ 8 ಓಮ್‌ನದ್ದು 97, 16ರದ್ದು 100 ಆದರೆ ಎರಡರ ಸದ್ದೂ ಸಮ, ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ! ಆದರೂ ಟ್ಯೂಬ್ ಆಂಪಿಗೆ ನಾನು ಆ ಬೆರಕೆ ಹಾಕುವುದಿಲ್ಲ. ಆಂಪಿನಿಂದ ಕ್ಯಾಬಿನೆಟ್ಟಿಗೆ ಕೇಬಲ್ ಕೂಡ ಗಿಟಾರಿನದ್ದು ಬೇಡ, ದಪ್ಪ ತಂತಿಯ ಸ್ಪೀಕರ್ ಕೇಬಲ್ಲೇ ಬೇಕು.