ಕುಮಾರ ಪರ್ವತದ ಮೋಡ

ನಿನ್ನೆ ರಾತ್ರಿ ಕುಮಾರ ಪರ್ವತದಿಂದ ವಾಪಸ್ ಬಂದೆ. ಕಾಲು ಇನ್ನೂ ನೋಯುತ್ತಿದೆ, ಮನಸ್ಸು ಅಲ್ಲೇ ಇದೆ.

ಕುಕ್ಕೆಯಿಂದ ಹೊರಟಾಗ ಸುಡುಬಿಸಿಲು. ಕಾಡೊಳಗೆ ಗಾಳಿಯೇ ಇಲ್ಲ, ಅಂಗಿ ಪೂರ್ತಿ ಒದ್ದೆ. ದಾರಿ ಮಧ್ಯೆ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಯಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಆ ಊಟದ ರುಚಿ ಹತ್ತಿ ಬಂದವರಿಗೇ ಗೊತ್ತು. ಟೆಂಟ್ ಹಾಕಿ ಮುಗಿಸುವಷ್ಟರಲ್ಲಿ ಹಿಂಗಾರು ಮಳೆ ಶುರುವಾಯಿತು. ತಲೆಯ ಮೇಲೆ ಪಟಪಟ ಸದ್ದು. ಬೆಳಗಿನ ಜಾವ ಹೊರಗೆ ಬಂದರೆ ಆಕಾಶದ ತುಂಬ ನಕ್ಷತ್ರ!

ತುದಿಗೆ ಮುಂಚೆ ಸಿಗುವ ಶೇಷ ಪರ್ವತದ ಹತ್ತಿರ ಮತ್ತೆ ಮಂಜು. ಮುಂದೆ ನಡೆಯುವ ಗೆಳೆಯನ ಬೆನ್ನೂ ಕಾಣದು. ಕಡಲ ಕಡೆಯ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಶಾಲೆಯಲ್ಲಿ ಓದಿದ್ದೆ. ಆ ಮೋಡದೊಳಗೇ ನಿಂತಾಗ ರೆಪ್ಪೆಯ ಮೇಲೆ ಹನಿ ಕೂತಿತ್ತು.

1712 ಮೀಟರ್ ಎತ್ತರದ ತುದಿಯಲ್ಲಿ ಏನೂ ಕಾಣಲಿಲ್ಲ. ಸುಮ್ನೆ ಕೂತೆವು, ಯಾರೂ ಫೋನ್ ತೆಗೆಯಲಿಲ್ಲ. ಹೀಗೆ ಯಾವ ಅವಸರವೂ ಇಲ್ಲದೆ ಕೂತು ಎಷ್ಟು ದಿನವಾಯಿತು, ಅಲ್ವಾ? ಆಮೇಲೆ ಹತ್ತು ನಿಮಿಷ ಮೋಡ ಸರಿಯಿತು. ಕೆಳಗೆ ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಕಾಡು, ಹಸಿರು ಕಣಿವೆ. ಮತ್ತೆ ಮುಚ್ಚಿತು.

ಇಳಿಯುವಾಗ ಜಿಗಣೆ ಜಾಸ್ತಿ. ಹೋಗುವವರು ಉದ್ದ ಕಾಲುಚೀಲ ಮರೆಯಬೇಡಿ.