ಹೆಂಚು ಒಡೆಯೋಕೆ ಕಲಿತ ಕರಾಟೆ

ಜಪಾನಿಗೆ ಬರುವ ಮೊದಲೇ ನನಗೆ ಹತ್ತರವರೆಗೆ ಜಪಾನಿ ಎಣಿಕೆ ಬರುತ್ತಿತ್ತು. ಕಲಿತದ್ದು ಬಳ್ಳಾರಿಯಲ್ಲಿ. ಬಿಸಿಲೇರುವ ಮುಂಚೆ ಮೈದಾನದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಮಾಸ್ಟರು "ಇಚಿ, ನಿ, ಸಾನ್" ಅಂತ ಕೂಗುತ್ತಿದ್ದರು, ನಾವು ಗಾಳಿಗೆ ಗುದ್ದುತ್ತಿದ್ದೆವು. ಬಿಳಿ ಡ್ರೆಸ್ಸು ಒಂದೇ ವಾರಕ್ಕೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು, ಅಮ್ಮ ಒಗೆಯುತ್ತಲೇ ಬೈಯುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಒಗ್ಗರಣೆ-ಮಿರ್ಚಿ. ಕೆಲವರು ಬರುತ್ತಿದ್ದದ್ದೇ ಅದಕ್ಕೆ.

ಕರಾಟೆ ಯಾಕೆ ಅಂತ ಆಗ ಕೇಳಿದ್ದರೆ ಉತ್ತರ ರೆಡಿ ಇತ್ತು: ಹೆಂಚು ಒಡೆಯೋಕೆ. ಸ್ಕೂಲ್ ಡೇ ದಿನ ಸ್ಟೇಜಿನ ಮೇಲೆ ಹೆಂಚು ಜೋಡಿಸಿ, ಜೋರಾಗಿ ಕೂಗಿ, ಒಂದೇ ಏಟಿಗೆ ಒಡೆದರೆ ಮುಂದಿನ ವರ್ಷದವರೆಗೆ ಹೀರೋ. ಬೆಲ್ಟಿನ ಬಣ್ಣದ ಮೇಲೆ ಇಡೀ ಓಣಿಯ ಕಣ್ಣು. ಎದುರಾಳಿ ಇದ್ದಾನೆ ಅಂದುಕೊಂಡು ಒಬ್ಬರೇ ಮಾಡುವ ಹೆಜ್ಜೆ, ತಡೆ, ಗುದ್ದುಗಳ ಕಟಾ ಮಾತ್ರ ಪರೀಕ್ಷೆಯ ಪದ್ಯದ ಹಾಗೆ. ಬಾಯಿಪಾಠ ಮಾಡು, ಒಪ್ಪಿಸು, ಮರೆತುಬಿಡು.

ಕೆಲಸದ ಮೇಲೆ ಟೋಕಿಯೋಗೆ ಬಂದಾಗ ಅಂಗಡಿಯಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಆಫೀಸಿನಲ್ಲಿ ಸುಮ್ನೆ ತಲೆಯಾಡಿಸುತ್ತಿದ್ದೆ. ಮನೆ ಹತ್ತಿರದ ಕ್ರೀಡಾ ಕೇಂದ್ರದಲ್ಲಿ ಕರಾಟೆ ಇದೆ ಅಂತ ತಿಳಿದು ಹೋದೆ. ಸೆನ್ಸೆ, ಅಂದರೆ ಅಲ್ಲಿನ ಮಾಸ್ಟರು, "ಇಚಿ" ಅಂದರು. ಕೈ ತಾನಾಗಿ ಮುಂದೆ ಹೋಯಿತು. ಈ ದೇಶದಲ್ಲಿ ಯಾರೋ ಹೇಳಿದ್ದು ಒಂದೇ ಸಲಕ್ಕೆ ತಿಳಿದದ್ದು ಅದೇ ಮೊದಲು. ಬಹಳ ದಿನ ನಾನು ಹೋಗುತ್ತಿದ್ದದ್ದು ಅದೊಂದು ಸುಖಕ್ಕೆ.

ಅಲ್ಲಿ ಹೆಂಚಿಲ್ಲ. ಜಪಾನಿನಲ್ಲೂ ಒಡೆಯುವವರು ಇದ್ದಾರೆ, ಕ್ಯೊಕುಶಿನ್ ಶೈಲಿಯವರು. ನಾನು ಸೇರಿದ್ದು ಶೋತೋಕಾನ್. ಬರುವವರಲ್ಲಿ ರಿಟೈರ್ ಆದವರೇ ಜಾಸ್ತಿ. ಮೊದಲ ಕಟಾ ಹೇಯಾನ್ ಶೋದಾನ್, ನಾನು ಹುಡುಗನಾಗಿದ್ದಾಗಲೇ ಪಾಸಾದದ್ದು. ಮುಂದಿನ ಮೊಣಕಾಲು ಬಗ್ಗಿಸಿ, ಹಿಂದಿನ ಕಾಲು ನೆಟ್ಟಗೆ ಚಾಚಿ ನಿಂತೆ. ಸೆನ್ಸೆ ಬಂದು ಕೂತರು. ಒಂದು ಹಾಳೆ ತೆಗೆದು ನನ್ನ ಹಿಂದಿನ ಹಿಮ್ಮಡಿಯ ಕೆಳಗೆ ತೂರಿಸಿದರು. ಸಲೀಸಾಗಿ ಹೋಯಿತು. ಹಿಮ್ಮಡಿ ನೆಲ ಬಿಟ್ಟರೆ ಗುದ್ದಿಗೆ ಕಾಲಿನ, ಸೊಂಟದ ಬಲ ಸಿಗಲ್ಲ, ಬರೀ ಭುಜದಿಂದ ಹೊಡೆದ ಹಾಗೆ. ಆಮೇಲೆ ತಿಂಗಳುಗಟ್ಟಲೆ ಅದೇ ಕಟಾ, ಅದೇ ಹಿಮ್ಮಡಿ.

ಕ್ಲಾಸಿನ ಕೊನೆಗೆ ಬ್ಲ್ಯಾಕ್ ಬೆಲ್ಟಿನವರೂ ಸೇರಿ ಎಲ್ಲರೂ ಒದ್ದೆ ಬಟ್ಟೆ ಹಿಡಿದು ನೆಲ ಒರೆಸಬೇಕು. ಈ ಶೈಲಿಯನ್ನು ಶುರುಮಾಡಿದ ಗಿಚಿನ್ ಫುನಾಕೊಶಿಯೂ ಇದೇ ಊರಿನಲ್ಲಿ ಕಸ ಗುಡಿಸಿದವರೇ. ಒಕಿನಾವಾ ದ್ವೀಪದಲ್ಲಿ ಮೇಷ್ಟ್ರಾಗಿದ್ದವರು. 1922ರಲ್ಲಿ ಪ್ರದರ್ಶನ ಕೊಡೋಕೆ ಅಂತ ಟೋಕಿಯೋಗೆ ಬಂದು ಇಲ್ಲೇ ಉಳಿದರು. ಆಗಲೇ ವಯಸ್ಸು 50 ದಾಟಿತ್ತು. ಒಕಿನಾವಾ ಹುಡುಗರ ಹಾಸ್ಟೆಲಿನಲ್ಲಿ ಕಾವಲು, ಕಸ, ತೋಟದ ಕೆಲಸ ನೋಡಿಕೊಂಡು ಅಲ್ಲೇ ಕರಾಟೆ ಕಲಿಸಿದರು. ಹೆಂಡತಿ ಎಷ್ಟೋ ವರ್ಷ ಊರಲ್ಲೇ ಇದ್ದರು. ನಮ್ಮ ಕಡೆ ಗುಳೆ ಹೋದವರ ಮನೆಯ ಕಥೆಯೂ ಇದೇ ತಾನೇ?

ಕರಾಟೆ ಅಂದರೆ ಆತ್ಮಜ್ಞಾನ ಅನ್ನುವವರನ್ನು ಕಂಡರೆ ನನಗೆ ನಗು. ನನ್ನ ಪಕ್ಕ ನಿಲ್ಲುವ ಅಜ್ಜಿಯನ್ನು ಯಾಕೆ ಬರುತ್ತೀರಿ ಅಂತ ಕೇಳಿದೆ. ಮೆಟ್ಟಿಲ ಮೇಲೆ ಬೀಳಬಾರದು ಅಂತ, ಅಂದರು. ನನಗೂ ಈಗ 45 ದಾಟಿದೆ, ಶುಗರ್ ಗಡಿಯಲ್ಲಿದೆ. ಹೆಂಚಿನ ಕಾಲದ ಹುಡುಗನಿಗೆ ಇದು ಒಂದು ಕಾರಣ ಅಂತಲೇ ಅನ್ನಿಸುತ್ತಿರಲಿಲ್ಲ.

ಹೋದ ರಜೆಯಲ್ಲಿ ಊರಿಗೆ ಬಂದಾಗ ಮಾಳಿಗೆ ಮೇಲೆ ಅಕ್ಕನ ಮಗಳಿಗೆ ಆ ಕಟಾ ಮಾಡಿ ತೋರಿಸಿದೆ. ಅವಳು ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಆತ್ಮರಕ್ಷಣೆ ತರಬೇತಿಯಲ್ಲಿ ಕರಾಟೆ ಕಲಿತವಳು.

"ಇದೇನ್ ಮಾಮಾ ಇಷ್ಟ್ ನಿಧಾನ? ಅಷ್ಟ್ರಾಗ ಎದುರಿನಾವ ಹೊಡೆದು ಹೋಗಿರ್ತಾನ" ಅಂದಳು.

ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಒಬ್ಬಳೇ ಬರುವ ಹುಡುಗಿ ಅವಳು. ಬೈಕಿನಲ್ಲಿ ಹಿಂದೆ ಬೀಳುವ ಹುಡುಗರೂ ಇದ್ದಾರಂತೆ. ಅವಳಿಗೆ ಹಿಮ್ಮಡಿಯ ಪಾಠ ಹೇಳೋಕೆ ನನಗೆ ಮನಸ್ಸಾಗಲಿಲ್ಲ. ಅವಳೇ ನನ್ನ ಕೈಯಲ್ಲಿ ತನ್ನ ಮಣಿಕಟ್ಟು ಹಿಡಿಸಿದಳು. ನನ್ನ ಹೆಬ್ಬೆರಳಿನ ಕಡೆಗೆ ತಿರುಚಿ ಸರ್ರಂತ ಬಿಡಿಸಿಕೊಂಡಳು. ಅಕ್ಕ ಕೆಳಗಿನಿಂದ ಊಟಕ್ಕೆ ಕರೆಯುತ್ತಲೇ ಇದ್ದಳು. ಇವಳು ಬಿಡಲೇ ಇಲ್ಲ. "ಇನ್ನೊಂದ್ ಸಲ ಹಿಡಿ ಮಾಮಾ. ಸುಳ್ಳ್ ಸುಳ್ಳೇ ಹಿಡೀಬ್ಯಾಡ, ಗಟ್ಟಿ ಹಿಡಿ!"