ಮಗು ಚೆನ್ನಾಗೇ ಇದೆಯಲ್ಲ, ಮತ್ತೆ ಯಾಕೆ ಸೂಜಿ?

"ಓಡಾಡ್ಕಂಡು ಚೆನ್ನಾಗೇ ಅವ್ನೆ ಸಿಸ್ಟರ್. ಇನ್ನೂ ಯಾಕೆ ಸೂಜಿ ಹಾಕಿಸ್ಬೇಕು?"

ಮಂಡ್ಯದ ಹಳ್ಳಿಗಳಲ್ಲಿ ನರ್ಸ್ ಆಗಿ ಓಡಾಡುವ ನನ್ನನ್ನು ರುಮ್ಯಾಟಿಕ್ ಜ್ವರ ಬಂದುಹೋದ ಮಕ್ಕಳ ತಾಯಂದಿರು ಕೇಳುವುದು ಇದನ್ನೇ. 21 ದಿನಕ್ಕೊಂದು ಬೆಂಜಾಥಿನ್ ಪೆನಿಸಿಲಿನ್ ಸೂಜಿ, ಅದೂ ವರ್ಷಗಟ್ಟಲೆ. ಕೇಳಲೇಬೇಕು ಅಲ್ವಾ?

ಈ ಸೂಜಿ ಬಂದುಹೋದ ಜ್ವರಕ್ಕಲ್ಲ ತಾಯಿ, ಮುಂದೆ ಬರಬಹುದಾದ ಗಂಟಲು ನೋವಿಗೆ ಅನ್ನುತ್ತೇನೆ.

ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋಯುತ್ತದೆ. ನಾಲ್ಕು ದಿನ ಇದ್ದು ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ. ಎರಡು ಮೂರು ವಾರ ಬಿಟ್ಟು ಕೆಲವು ಮಕ್ಕಳಿಗೆ ಜ್ವರ ಬಂದು ಕೀಲು ಊದುತ್ತದೆ. ಇದೇ ರುಮ್ಯಾಟಿಕ್ ಜ್ವರ. ಇವತ್ತು ಮಂಡಿ, ನಾಡಿದ್ದು ಮೊಣಕೈ. 5ರಿಂದ 15 ವರ್ಷದವರಿಗೆ ಜಾಸ್ತಿ. "ಬೆಳೆಯೋ ಮಕ್ಕಳಿಗೆ ಕಾಲು ನೋವು ಇದ್ದದ್ದೇ" ಎಂದು ಎಣ್ಣೆ ತಿಕ್ಕಿ ಮಲಗಿಸಿದವರನ್ನು ಎಷ್ಟೋ ನೋಡಿದ್ದೇನೆ. ಕೀಲು ವಾಸಿಯಾಗುತ್ತದೆ. ಆದರೆ ಜ್ವರ ಹೃದಯಕ್ಕೂ ತಾಗಿದ್ದರೆ, ಮತ್ತೊಂದು ಇಂಥ ಗಂಟಲು ನೋವಿನಿಂದ ಅದು ಮರಳಿದಾಗಲೆಲ್ಲ ಹೃದಯದ ವಾಲ್ವ್ (ಕವಾಟ) ಇನ್ನಷ್ಟು ಕೆಡುತ್ತದೆ.

ಸೂಜಿಯ ಔಷಧಿ ಮೈಯಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತಾ ಮೂರು ವಾರ ಆ ಬ್ಯಾಕ್ಟೀರಿಯಾದಿಂದ ಕಾಪಾಡುತ್ತದೆ, ಆಮೇಲೆ ತೀರುತ್ತಾ ಬರುತ್ತದೆ. ಅದಕ್ಕೇ ತಾರೀಕು ತಪ್ಪಬಾರದು. ಹೃದಯಕ್ಕೆ ತಾಗದಿದ್ದರೂ ಕನಿಷ್ಠ 5 ವರ್ಷ ಬೇಕು. ತಾಗಿದ್ದರೆ ಇನ್ನೂ ಜಾಸ್ತಿ, ಎಷ್ಟೆಂದು ಡಾಕ್ಟರ್ ಹೇಳುತ್ತಾರೆ. ನೋವಾಗುತ್ತದೆ, ನಿಜ. ಬಾಟಲನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ನಿಧಾನವಾಗಿ ಹಾಕುತ್ತೇನೆ. ಅಷ್ಟು ಹೊತ್ತೂ ಮಗುವಿನ ಜೊತೆ ಮಾತಾಡುತ್ತಿರುತ್ತೇನೆ.

ತಮ್ಮ ತಂಗಿಯರ ಗಂಟಲನ್ನೂ ನೋಡಿ ಅನ್ನುತ್ತೇನೆ. ಗಂಟಲು ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಸಿಕ್ಕರೆ ಈ ಜ್ವರವನ್ನೇ ತಡೆಯಬಹುದು. ಮಾತ್ರೆಯಾದರೆ ಪೂರ್ತಿ 10 ದಿನ. ಮೂರನೇ ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸಬೇಡಿ.

ನನಗೆ ಹೆಚ್ಚು ಚಿಂತೆ ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬರುವವರ ಮಕ್ಕಳದ್ದು. ಗದ್ದೆ ಪಕ್ಕದ ಒಂದೇ ಗುಡಿಸಲಲ್ಲಿ ಆರೇಳು ಜನ ಒತ್ತಿಕೊಂಡು ಮಲಗುತ್ತಾರೆ. ಒಬ್ಬರ ಗಂಟಲು ನೋವು ಎಲ್ಲರಿಗೂ ಹರಡುತ್ತದೆ. ಬಡವರ ಮಕ್ಕಳಿಗೆ ಈ ಜ್ವರ ಜಾಸ್ತಿ ಬರುವುದೇ ಹೀಗೆ. ಅವರು ಶಾಲೆಗೂ ಸೇರಿರುವುದಿಲ್ಲ. ಹಾಗಾಗಿ ಶಾಲೆಗಳಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆದಾಗ ಇವರು ಕಣ್ಣಿಗೇ ಬೀಳುವುದಿಲ್ಲ. ಕಟಾವು ಮುಗಿದ ದಿನ ರಾತ್ರೋರಾತ್ರಿ ಸಾಮಾನು ಕಟ್ಟಿಕೊಂಡು ಹೊರಟುಬಿಡುತ್ತಾರೆ. ಹೊರಡುವ ಮುಂಚೆ ಒಮ್ಮೆ ಬನ್ನಿ ಎಂದು ಮೇಸ್ತ್ರಿಗೂ ಹೇಳಿಟ್ಟಿದ್ದೇನೆ. ಮುಂದಿನ ತಾರೀಕನ್ನು ಕಾರ್ಡಿನಲ್ಲಿ ದಪ್ಪಗೆ ಬರೆದುಕೊಡುತ್ತೇನೆ. ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿ ಅನ್ನುತ್ತೇನೆ.